ಮಾವನ ಶೆಡ್ಡಿಗೆ ಒಂದು ಕೋಡ್ ರೀಡರು

ಗಾಡಿಗೆ ಏನು ಕಾಯಿಲೆ ಎಂದು ಒಂದು ಡಬ್ಬಿ ಹೇಳುವುದು ಎಂದೂ ಆಗದ ಮಾತು ಎಂದವನು ನನ್ನ ಸೋದರಮಾವ. ಒಂದು ಸಲವಲ್ಲ, ನಾನು ಆ ಮಾತು ಎತ್ತಿದಾಗಲೆಲ್ಲ. "ಡಾಕ್ಟ್ರು ಕೊರಳಿಗೆ ಕೊಳವೆ ನೇತಾಕ್ಕೊಂಡ್ರೂ ಕೇಳಿಸ್ಕೊಳ್ಳೋದು ಡಾಕ್ಟ್ರ ಕಿವೀನೇ ಕಣಮ್ಮ. ನಿನ್ ಡಬ್ಬೀಗೆ ಕಿವಿ ಎಲ್ಲೈತೆ, ತೋರ್ಸು" ಎನ್ನುತ್ತಿದ್ದ.

ಬಂಗಾರಪೇಟೆಯಿಂದ ಕೆ.ಜಿ.ಎಫ್.ಗೆ ಹೋಗುವ ರಸ್ತೆಯ ಬದಿಯಲ್ಲಿ ಅವನ ತಗಡಿನ ಶೆಡ್ಡು. ಇಪ್ಪತ್ತು ವರ್ಷಕ್ಕೂ ಮೇಲಾಗಿ ಅಲ್ಲಿ ಜೀಪುಗಳನ್ನು, ಅದರಲ್ಲೂ ನಾಲ್ಕೂ ಚಕ್ರಕ್ಕೆ ಎಳೆತವಿರುವ ಫೋರ್‌ವೀಲ್ ಗಾಡಿಗಳನ್ನು ರಿಪೇರಿ ಮಾಡಿದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಸ್ವಲ್ಪ ಹೊತ್ತು ಬಿಟ್ಟು, "ಎರಡ್ನೇ ಇಂಜೆಕ್ಟರ್ ಕೆಮ್ತೈತೆ" ಎನ್ನುವನು. ಡೀಸೆಲ್ ಚಿಮ್ಮುವ ಆ ನಳಿಕೆಗಳನ್ನು ಬಿಚ್ಚಿ ನೋಡಿದರೆ ಕೆಟ್ಟದ್ದು ಎರಡನೆಯದೇ.

ಆದರೆ ನನ್ನ ವಿಷಯದಲ್ಲಿ ಅವನು ಒಂದು ದಿನವೂ 'ಆಗದು' ಎಂದವನಲ್ಲ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ, ಯಾರೂ ಪುಕ್ಕಟೆ ಕೊಟ್ಟದ್ದಲ್ಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ತೀರಿಹೋದರು. ಅಮ್ಮ ಟೊಮ್ಯಾಟೊ ಕೀಳಲು, ಕಳೆ ತೆಗೆಯಲು ಕೂಲಿಗೆ ಹೋಗುತ್ತಿದ್ದಳು. ನಾನು ಬಂಗಾರಪೇಟೆಯಲ್ಲಿ ರೈಲು ಹತ್ತಿ, ಕೋರಮಂಡಲ್ ದಾಟಿ, ಊರಿಗಾಂನಲ್ಲಿ ಇಳಿದು ಕಾಲೇಜಿಗೆ ನಡೆಯುತ್ತಿದ್ದೆ. ಬಿ.ಎಸ್ಸಿ. ಎರಡನೇ ವರ್ಷದ ಗಣಿತ ಕೈಕೊಟ್ಟಿತು. ಮತ್ತೆ ಬರೆದೆ, ಮತ್ತೆ ಕೈಕೊಟ್ಟಿತು. ಅಮ್ಮ, ಸಾಕು, ಗಾರ್ಮೆಂಟ್ಸಿಗೆ ಸೇರಿಕೋ ಎಂದಳು. ಆ ದಿನ ಮಾವ ಶೆಡ್ಡಿನಿಂದ ಹಾಗೇ ಎದ್ದು ಬಂದ. ಕೈಯೆಲ್ಲ ಕಪ್ಪು ಆಯಿಲ್ ಇದ್ದುದರಿಂದ ಬಾಗಿಲನ್ನೂ ಮುಟ್ಟದೆ ಹೊಸ್ತಿಲಾಚೆ ನಿಂತು, "ಮೂರ್ನೇ ಸಾರಿ ಸೆಲ್ಫ್ ಒಡುದ್ರೆ ಸ್ಟಾರ್ಟಾಗೋ ಗಾಡೀನ ಯಾರಾದ್ರೂ ಗುಜರೀಗ್ ಆಕ್ತಾರ ಅಕ್ಕ? ಇನ್ನೊಂದ್ ಸಾರಿ ಬರೀಲಿ ಬಿಡು" ಎಂದು ಅಮ್ಮನಿಗೆ ಹೇಳಿ ಹೊರಟುಹೋದ. ಫೀಸು ಅವನೇ ಕಟ್ಟಿದ. ನಾನು ಮೂರನೇ ಸಲಕ್ಕೆ ಪಾಸಾದೆ. ಈಗ ಬಂಗಾರಪೇಟೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು.

ನಾನು ಕೆಲಸಕ್ಕೆ ಸೇರಿ ಎರಡು ವರ್ಷಕ್ಕೆ ಮಾವನಿಗೆ ಕಿವಿ ಕೇಳಿಸುವುದು ಕಡಿಮೆಯಾಗತೊಡಗಿತು. ಎಡಗಿವಿಯನ್ನು ಅವನು ಎಂದೋ ಕಳೆದುಕೊಂಡಿದ್ದ. ಚಿನ್ನದ ಗಣಿ ಮುಚ್ಚುವವರೆಗೆ, ಹುಡುಗ ವಯಸ್ಸಿನಲ್ಲಿ, ಕೋರಮಂಡಲ್‌ನ ವರ್ಕ್‌ಶಾಪಿನಲ್ಲಿ ಗಾಳಿ ಒತ್ತುವ ದೊಡ್ಡ ಯಂತ್ರಗಳ ಪಕ್ಕ ಹೆಲ್ಪರಾಗಿದ್ದವನು. ಈಗ ಬಲಗಿವಿಯೂ ಮಂದವಾಯಿತು. ಸ್ಕ್ರೂಡ್ರೈವರನ್ನು ಎಲುಬಿಗೆ ಒತ್ತಿ ಒತ್ತಿ ಅಲ್ಲಿ ಕೆಂಪಗೆ ಗುರುತಾಗುತ್ತಿತ್ತು. ಎರಡನೆಯದು ಎಂದದ್ದು ಮೂರನೆಯದಾಗಿರುತ್ತಿತ್ತು. ಅದೂ ಅಲ್ಲದೆ ಹೊಸ ಗಾಡಿಗಳ ಕಾಯಿಲೆ ಸದ್ದು ಮಾಡುವುದೇ ಇಲ್ಲ. ಎದುರಿನ ಮೀಟರುಗಳ ನಡುವೆ ಹಳದಿ ದೀಪವೊಂದು ಹತ್ತಿಕೊಳ್ಳುತ್ತದೆ, ಅಷ್ಟೇ. ಅಂಥ ಗಾಡಿಯವರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು.

ಉಳಿದವರಲ್ಲಿ ಮುಖ್ಯನಾದವನು ಕ್ಯಾಸಂಬಳ್ಳಿಯ ಒಬ್ಬ ಹಾಲಿನವನು. ಬಂಡೆಗಳ ನಡುವಿನ ಹಳ್ಳಿಗಳಿಂದ ಬೆಳಗಿನ ಹಾಲು ತುಂಬಿಕೊಂಡು ಬರಲು ಫೋರ್‌ವೀಲ್ ಜೀಪು ಇಟ್ಟಿದ್ದ. ಮಳೆ ಬಿದ್ದರೆ ಆ ದಾರಿಯಲ್ಲಿ ಬೇರೆ ಗಾಡಿ ಏರುವುದಿಲ್ಲ. ಅದೇ ದಾರಿಯ ಇನ್ನೂ ಮೂರು ಜೀಪಿನವರು ಅವನು ಹೋದಲ್ಲಿಗೆ ಹೋಗುವವರು. ಹಾಗಾಗಿ ಅವನೊಬ್ಬ ಬಿಟ್ಟರೆ ಮಾವನ ಶೆಡ್ಡು ಮುಚ್ಚಿದಂತೆಯೇ. ಇದು ಮಾವನಿಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು, ಹಾಲಿನವನಿಗೂ ಗೊತ್ತಿತ್ತು.

ಅವನ ಜೀಪಿನಲ್ಲಿ ಹಳದಿ ದೀಪ ಹತ್ತಿಕೊಂಡಿತು. ಹತ್ತಿದೊಡನೆ ಎಂಜಿನ್ನಿನ ಶಕ್ತಿ ಕುಸಿದು, ಏರಿನಲ್ಲಿ ಗಾಡಿ ಮುದುಕನಂತೆ ನಿಂತುಬಿಡುತ್ತಿತ್ತು. ಶೆಡ್ಡಿಗೆ ತಂದ. ಮಾವ ಅರ್ಧ ದಿನ ಅದನ್ನೂ ಇದನ್ನೂ ಬಿಚ್ಚಿ ಒರೆಸಿ ಹಾಕಿದ. ಸ್ಟಾರ್ಟ್ ಮಾಡಿದರೆ ದೀಪ ಇಲ್ಲ.

"ಮಂತ್ರ ಗಿಂತ್ರ ಆಕ್ತೀಯ ಏನಣ್ಣೋ" ಎಂದು ಹಾಲಿನವನು ಖುಷಿಯಾಗಿ ಹೋದ. ಮೂರು ದಿನಕ್ಕೆ ಮತ್ತೆ ಬಂದ. ಮತ್ತೆ ದೀಪ ಆರಿತು, ಮತ್ತೆ ಹೋದ. ಮತ್ತೆ ಬಂದ. ಮೂರನೇ ಸಲ ಅವನು ಗಾಡಿಯಿಂದ ಇಳಿಯದೆಯೇ ಹೇಳಿದ: "ನಿನ್ ಮಂತ್ರ ಕ್ಯಾಸಂಬಳ್ಳಿ ಗೇಟ್‌ತಂಕ ಓಡ್ತೈತೆ ಅಣ್ಣ, ಅಲ್ಲಿಂದ ಮುಂದ್ಕೆ ಇಲ್ಲ. ನಿನ್ನೆ ಎರಡು ಕ್ಯಾನು ಹಾಲು ಒಡ್ದೋಯ್ತು. ಇನ್ನೊಂದ್ ಸಾರಿ ನಿಂತ್ರೆ ಕೋಲಾರದಾಗೆ ಕಂಪ್ಯೂಟರ್ ಇಕ್ಕವ್ರಲ್ಲ, ಅಲ್ಲಿಗೇ ಓಗ್ತೀನಿ. ಬೇಜಾರ್ ಮಾಡ್ಕೋಬ್ಯಾಡ."

ಆ ಸಂಜೆ ಅತ್ತೆ ನಮ್ಮ ಮನೆಗೆ ಬಂದು, "ಅದೇನೋ ಡಬ್ಬಿ ಡಬ್ಬಿ ಅಂತಿದ್ಯಲ್ಲ, ಅದೆಷ್ಟಾಗ್ತೈತೆ?" ಎಂದು ಕೇಳಿದಳು. ನಾನು ಕೊಡಿಸುತ್ತೇನೆ ಎಂದೆ. ಮಾವನಿಗೆ ನಾನು ಏನಾದರೂ ಕೊಡಿಸುವ ದಿನ ಬಂತಲ್ಲ ಎಂದು ಒಳಗೊಳಗೇ ಹಿಗ್ಗಿದ್ದೆ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಮೊದಲು ಕೊಂಡ ಕೋಡ್ ರೀಡರು ಎಲ್ಲಕ್ಕಿಂತ ಅಗ್ಗದ್ದು. ಬೆಂಕಿಪೊಟ್ಟಣದಷ್ಟು ದೊಡ್ಡದು. ಸ್ಟೀರಿಂಗ್ ಕೆಳಗೆ ಹದಿನಾರು ತೂತಿನ ಒಂದು ಕಿಂಡಿ ಇರುತ್ತದೆ, ಅದಕ್ಕೆ ಸಿಕ್ಕಿಸಿದರೆ ಗಾಡಿಯ ಕಂಪ್ಯೂಟರಿನಲ್ಲಿರುವ ದೋಷದ ಗುರುತು, ಅಂದರೆ ಕೋಡು, ಬ್ಲೂಟೂತ್‌ನಲ್ಲಿ ಮೊಬೈಲಿಗೆ ಬರುತ್ತದೆ. ಭಾನುವಾರ ಹಾಲಿನವನ ಜೀಪಿಗೆ ಸಿಕ್ಕಿಸಿದೆ. ದೋಷ ಯಾವುದೂ ಇಲ್ಲ ಎಂದು ಹಸಿರು ಅಕ್ಷರದಲ್ಲಿ ಬಂತು. ಮಾವ ಮೊಬೈಲನ್ನೂ ನೋಡಿದ, ನನ್ನನ್ನೂ ನೋಡಿದ. "ನೋಡ್ದಾ, ಇದ್ಕೂ ಕಿವಿ ಕೇಳ್ಸಲ್ಲ" ಎಂದು ನಕ್ಕ. ಹಾಲಿನವನೂ ನಕ್ಕ. ನಾನು ಅದನ್ನು ವಾಪಸು ಕಳಿಸಿದೆ.

ಎರಡನೆಯದನ್ನು ಆರಿಸಲು ಬೆಂಗಳೂರಿಗೇ ಹೋದೆ. ಬಿಡಿಭಾಗಗಳ ಅಂಗಡಿಗಳೇ ಸಾಲಾಗಿರುವ ಬೀದಿಯಲ್ಲಿ ಒಬ್ಬ ಹಿರಿಯರು ತಾಳ್ಮೆಯಿಂದ ವಿವರಿಸಿದರು. "ಬರೀ ಎಂಜಿನ್ ಓದೋದು ಬೇಕಾ, ಬ್ರೇಕು, ಫೋರ್‌ವೀಲು ಎಲ್ಲಾ ಓದ್ಬೇಕಾ ಮೇಡಂ?" ಕೋಡಿನ ಮೊದಲ ಅಕ್ಷರ ಪಿ ಇದ್ದರೆ ಎಂಜಿನ್ನು ಮತ್ತು ಗೇರಿನ ಕಡೆಯದು, ಸಿ ಇದ್ದರೆ ಬ್ರೇಕು ಮತ್ತು ಕೆಳಮೈಯದು, ಬಿ ಇದ್ದರೆ ಬಾಡಿಯದು, ಯು ಇದ್ದರೆ ಕಂಪ್ಯೂಟರುಗಳು ಒಂದರೊಡನೊಂದು ಮಾತುಬಿಟ್ಟಿವೆ ಎಂದರ್ಥ. ಅಗ್ಗದವು ಪಿ ಒಂದನ್ನೇ ಓದುತ್ತವೆ. ಫೋರ್‌ವೀಲ್ ಹಾಕುವ ಸ್ವಿಚ್ಚು ಕೆಟ್ಟರೆ ಅವಕ್ಕೆ ಗೊತ್ತೇ ಆಗುವುದಿಲ್ಲ. ಎಲ್ಲವನ್ನೂ ಓದುವ, ಸ್ಲೇಟಿನಂಥ ಒಂದನ್ನು ತೋರಿಸಿದರು. ಅದರ ಬೆಲೆ ನನ್ನ ಐದು ತಿಂಗಳ ಸಂಬಳ. ಅದನ್ನು ಹಾಗೇ ಮೆತ್ತಗೆ ಕೆಳಗಿಟ್ಟೆ.

ಕೊನೆಗೆ ನಡುವಿನ ಒಂದನ್ನು ಆರಿಸಿದೆ. ಕೈಯಲ್ಲಿ ಹಿಡಿಯುವಂಥದ್ದು, ದಪ್ಪ ಕೇಬಲ್, ನಾಲ್ಕು ಬಟನ್. ಮೊಬೈಲ್ ಬೇಡ. ಪಿ ಮತ್ತು ಸಿ ಓದುತ್ತದೆ. ಎಂಜಿನ್ ಓಡುತ್ತಿರುವಾಗಲೇ ಬಿಸಿ ಎಷ್ಟು, ಗಾಳಿ ಎಷ್ಟು ಎಂದು ಅಂಕಿಗಳನ್ನು ತೋರಿಸುತ್ತದೆ. ಆದರೆ ಎಲ್ಲ ಇಂಗ್ಲಿಷಿನಲ್ಲೇ. ಮಾವ ಓದಿದ್ದು ನಾಲ್ಕನೇ ಕ್ಲಾಸು. ಹಾಗಾಗಿ ನಾನು ಒಂದು ರಟ್ಟಿನ ಮೇಲೆ ಆ ಅಕ್ಷರಗಳನ್ನೂ ಅವುಗಳ ಅರ್ಥವನ್ನೂ ಕನ್ನಡದಲ್ಲಿ ದೊಡ್ಡದಾಗಿ ಬರೆದು ಶೆಡ್ಡಿನಲ್ಲಿ ನೇತುಹಾಕಿದೆ. ಬಂದ ಗಿರಾಕಿಗಳಿಗೆ ಅತ್ತೆ ಅದನ್ನು ತೋರಿಸಿ, "ನಮ್ ಹುಡುಗಿ ಬರ್ದಿರಾದು" ಎನ್ನುತ್ತಿದ್ದಳು.

ಎರಡನೆಯದೂ ಹಾಲಿನವನ ಜೀಪಿನಲ್ಲಿ ದೋಷವಿಲ್ಲ ಎಂದೇ ಹೇಳಿತು.

ಈಗ ಮಾವನ ಒಂದು ಅಭ್ಯಾಸದ ಬಗ್ಗೆ ಹೇಳಬೇಕು. ಯಾವ ಗಾಡಿ ಶೆಡ್ಡಿನೊಳಗೆ ಬಂದರೂ, ಬಾನೆಟ್ ಎತ್ತಿದ ಕೂಡಲೇ ಅವನು ಮಾಡುತ್ತಿದ್ದ ಮೊದಲ ಕೆಲಸ ಬ್ಯಾಟರಿಯ ತಂತಿ ಬಿಚ್ಚುವುದು. ಬಿಚ್ಚಿ, ಅದರ ನಟ್ಟನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡ ಮೇಲೆಯೇ ಒಳಗೆ ಕೈ ಹಾಕುವುದು. ಇದು ಗಣಿಯಿಂದ ಬಂದದ್ದು. ಅಲ್ಲಿ ಮಾವನಿಗೆ ಕೆಲಸ ಕಲಿಸಿದವರು ಒಬ್ಬ ತಮಿಳು ಫಿಟ್ಟರು. ಯಂತ್ರಕ್ಕೆ ಕೈ ಹಾಕುವವನು ಮೊದಲು ಅದರ ಫ್ಯೂಸು ಕಿತ್ತು ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು, ಇನ್ನೊಬ್ಬನ ಕೈಗೆ ಕೊಡಬಾರದು ಎಂದು ಅವರ ಕಟ್ಟಪ್ಪಣೆ. "ಫ್ಯೂಸ್ ಪಾಕೆಟ್ಲ ಇರುಂದಾ ಉಯಿರು ಉಡಂಬುಲ ಇರುಕ್ಕುಂ" ಎನ್ನುತ್ತಿದ್ದರಂತೆ. ಫ್ಯೂಸು ಜೇಬಿನಲ್ಲಿದ್ದರೆ ಜೀವ ಮೈಯಲ್ಲಿರುತ್ತದೆ. ಮಾವನ ಜೊತೆಗಾರನೊಬ್ಬ ಒಂದು ದಿನ ಹಾಗೆ ಮಾಡದೆ ಯಂತ್ರದೊಳಗೆ ಬಗ್ಗಿದ್ದ, ದೂರದಲ್ಲಿ ಯಾರೋ ಸ್ವಿಚ್ಚು ಒತ್ತಿದರು. ಅದಕ್ಕಿಂತ ಹೆಚ್ಚಿಗೆ ಮಾವ ಅದನ್ನು ಯಾರಿಗೂ ಹೇಳಿದ್ದಿಲ್ಲ. ಗಣಿ ಮುಚ್ಚಿತು, ಆ ಫಿಟ್ಟರು ಎಲ್ಲಿಗೋ ಹೋದರು. ಜೀಪಿನ ಪುಟ್ಟ ಬ್ಯಾಟರಿಯ ಎದುರೂ ಮಾವ ಆ ಅಪ್ಪಣೆಯನ್ನು ಮೀರಲಿಲ್ಲ.

ಎರಡನೇ ರೀಡರಿನ ಜೊತೆ ಒಂದು ಪುಸ್ತಕ ಬಂದಿತ್ತು. ಅದನ್ನು ಶಾಲೆಯ ಸ್ಟಾಫ್ ರೂಮಿನಲ್ಲಿ ಊಟದ ಹೊತ್ತಿನಲ್ಲಿ ಓದುತ್ತಿದ್ದೆ. ಕೋಡುಗಳ ಪಟ್ಟಿಗೆ ಹಿಂದಿನ ಪುಟದಲ್ಲಿ ಸಣ್ಣದೊಂದು ಸಾಲು: ಬ್ಯಾಟರಿಯ ಸಂಪರ್ಕ ತಪ್ಪಿಸಿದರೆ ಗಾಡಿಯ ನೆನಪಿನಲ್ಲಿರುವ ಕೋಡುಗಳು ಅಳಿಸಿಹೋಗಬಹುದು. ನಾನು ಊಟದ ಡಬ್ಬಿ ಮುಚ್ಚಿದೆ. ದೀಪ ಏಕೆ ಆರುತ್ತಿತ್ತು, ಎರಡೂ ರೀಡರುಗಳು ಏಕೆ ಮೂಕವಾಗಿದ್ದವು ಎಲ್ಲವೂ ತಿಳಿಯಿತು. ಗಾಡಿ ತನ್ನ ನೋವನ್ನು ಬರೆದಿಟ್ಟುಕೊಂಡು ಬರುತ್ತಿತ್ತು. ಮಾವ ಮುಟ್ಟುವ ಮೊದಲೇ ಅದನ್ನು ಒರೆಸಿಬಿಡುತ್ತಿದ್ದ. ಮೊದಲು ವಾಪಸು ಕಳಿಸಿದ ರೀಡರಿನಲ್ಲೂ ಏನೂ ದೋಷವಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಹಾಲಿನವನು ದೀಪ ಉರಿಸಿಕೊಂಡೇ ಬಂದಿದ್ದ. ಇದು ಕೊನೆಯ ಸಲ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಂಜಿನ್ ಆಫ್ ಮಾಡುವುದಕ್ಕೂ ಯೋಚನೆ ಮಾಡಿದ. ಮಾವ ಬಾನೆಟ್ ಎತ್ತಿ ಹತ್ತನೇ ನಂಬರ್ ಸ್ಪ್ಯಾನರು ತೆಗೆದುಕೊಂಡು ಬ್ಯಾಟರಿಯ ಕಡೆ ಬಗ್ಗಿದ.

"ಮುಟ್ಟಬ್ಯಾಡ ಮಾವ" ಎಂದೆ. ಅವನಿಗೆ ಕೇಳಿಸಲೆಂದು ಜೋರಾಗಿಯೇ ಅಂದೆ. "ಇಷ್ಟು ದಿನ ಎಲ್ಲಾ ಅಳ್ಸಾಕ್ತಿದ್ದಿದ್ದು ನೀನೇ. ತಂತಿ ಬಿಚ್ಚಿದ್ರೆ ಕೋಡು ಓಗ್ಬಿಡ್ತದೆ. ಪುಸ್ತಕದಾಗೆ ಬರ್ದವ್ರೆ."

ಹಾಲಿನವನು ಬೀಡಿ ಹಚ್ಚುತ್ತಿದ್ದವನು ನಿಲ್ಲಿಸಿದ. "ಅಂದ್ರೆ, ಮಂತ್ರ ಇದೇನಾ" ಎಂದ. "ರೋಗ ಒರ್ಸಾಕಿ ರೋಗಿ ಗುಣಾದ ಅಂತಿದ್ದೆ. ಭಲೇ ಡಾಕ್ಟ್ರು ಕಣಣ್ಣ ನೀನು."

ಅವನೊಬ್ಬನೇ ಇದ್ದಾಗ ಹೇಳಬಹುದಿತ್ತು. ಒಳಗೆ ಕರೆದು ಹೇಳಬಹುದಿತ್ತು. ಆದರೆ ಓದಿ ಕಂಡುಹಿಡಿದವಳು ನಾನು ಎಂದು ಹಾಲಿನವನಿಗೂ ಗೊತ್ತಾಗಲಿ ಎಂದು ಮನಸ್ಸಿನ ಒಂದು ಮೂಲೆಯಲ್ಲಿ ಇತ್ತು.

ಮಾವ ಸ್ಪ್ಯಾನರನ್ನು ರೇಡಿಯೇಟರಿನ ಮೇಲೆ ಇಟ್ಟ. "ಓದಿರೋಳು ಏಳ್ತಾಳೆ ಅಂದ್ರೆ ಇರ್ತೈತೆ" ಎಂದು ಹಾಲಿನವನಿಗೆ ಹೇಳಿದ. ನನ್ನ ಕಡೆ ತಿರುಗಿ, "ಆಯ್ತು, ನಿನ್ ಮಾತೇ ಆಗ್ಲಿ. ಈಗೇನ್ ಮಾಡ್ಬೇಕು ಏಳು" ಎಂದ. ಅವನು ಶೆಡ್ಡಿನಲ್ಲಿ ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು.

ನಾನು ಡ್ರೈವರ್ ಸೀಟಿನಲ್ಲಿ ಕೂತು ರೀಡರು ಸಿಕ್ಕಿಸಿದೆ. ಬಂತು. ಪಿ ಅಕ್ಷರದ ಕೋಡು. ಎಂಜಿನ್ನಿನ ನೀರಿನ ಬಿಸಿ ಅಳೆಯುವ ಸೆನ್ಸರಿನ ತಂತಿಯಲ್ಲಿ ದೋಷ ಎಂದು ಪಟ್ಟಿಯಲ್ಲಿತ್ತು. ಹೇಳಿದೆ. ಮಾವನ ಮುಖ ಬೆಳಗಿತು. ಅದು ಎಲ್ಲಿದೆಯೆಂದು ಅವನಿಗೆ ಪುಸ್ತಕ ಬೇಕಿರಲಿಲ್ಲ. "ಸೆನ್ಸರ್ ಕೆಟ್ಟಿರಲ್ಲ, ವೈರು ಒಳಗೇ ಮುರ್ದಿರ್ತೈತೆ. ಏರಿನಾಗೆ ಎಂಜಿನ್ ಅಲ್ಲಾಡ್ದಾಗ ಬಿಡ್ತೈತೆ" ಎಂದ. ಡಬ್ಬಿ ಹೇಳಿದ್ದು ಅರ್ಧ. ಉಳಿದ ಅರ್ಧವನ್ನು ಅವನು ಹೇಳಿದ. ಆ ಒಂದು ಗಳಿಗೆ ನಾವಿಬ್ಬರೂ ತುಂಬ ಸಂತೋಷವಾಗಿದ್ದೆವು.

"ನೀನು ನಂಬರ್ ಕೂಗ್ತಾ ಇರು, ನಾನು ವೈರು ಅಲ್ಲಾಡಿಸ್ತೀನಿ" ಎಂದ. ಕೀಲಿ ಆನ್‌ನಲ್ಲಿತ್ತು, ಎಂಜಿನ್ ಓಡುತ್ತಿರಲಿಲ್ಲ. ಎತ್ತಿದ ಬಾನೆಟ್ಟಿನಿಂದಾಗಿ ನನಗೆ ಅವನು ಕಾಣುತ್ತಿರಲಿಲ್ಲ. ನನ್ನ ಕಣ್ಣು ಪುಟ್ಟ ಪರದೆಯ ಮೇಲೆ. ಎಪ್ಪತ್ತೆಂಟು, ಎಂದು ಕೂಗಿದೆ. ಎಪ್ಪತ್ತೆಂಟು. ಎಪ್ಪತ್ತೇಳು. ಇದ್ದಕ್ಕಿದ್ದಂತೆ ಅಂಕಿ ಮೈನಸ್ ನಲವತ್ತು ಎಂದಾಯಿತು. ತಂತಿ ಕಡಿದರೆ ಹಾಗೇ ತೋರಿಸುತ್ತದೆ ಎಂದು ಓದಿದ್ದೆ. ಬಂಗಾರಪೇಟೆ ರಸ್ತೆಯ ತಗಡಿನ ಶೆಡ್ಡಿನಲ್ಲಿ ಮೈನಸ್ ನಲವತ್ತು ಡಿಗ್ರಿ. "ಸಿಕ್ತು ಮಾವ" ಎಂದು ಕೂಗಿ ನಕ್ಕೆ.

ಆ ಸೆನ್ಸರಿನ ಸುದ್ದಿ ನಿಂತರೆ, ಎಂಜಿನ್ ಸುಟ್ಟುಹೋಗದಿರಲಿ ಎಂದು ಗಾಡಿಯ ಕಂಪ್ಯೂಟರು ತಾನೇ ತಾನಾಗಿ ರೇಡಿಯೇಟರಿನ ಫ್ಯಾನು ಓಡಿಸುತ್ತದೆ. ಓಡುವ ಮೊದಲು ಟಕ್ ಎಂದು ಒಂದು ಸಣ್ಣ ಸದ್ದಾಗುತ್ತದೆ. ಆ ಸದ್ದು ನನಗೆ ಕೇಳಿಸಿತು. ಮಾವನಿಗೆ ಕೇಳಿಸಲಿಲ್ಲ. ಅವನು ಎಡಗೈಯಲ್ಲಿ ತಂತಿ ಹಿಡಿದು, ಬಲಗೈಯನ್ನು ಫ್ಯಾನಿನ ಚೌಕಟ್ಟಿನ ಮೇಲೆ, ಬೆರಳು ಒಳಕ್ಕೆ ಇಳಿಯುವಂತೆ, ಊರಿ ಬಗ್ಗಿದ್ದ.

ಕಿರುಚಿದ್ದು ಹಾಲಿನವನು. ಮಾವ ಕಿರುಚಲಿಲ್ಲ. ನಾನು ಇಳಿದು ಓಡುವಷ್ಟರಲ್ಲಿ ಬಲಗೈಯನ್ನು ಅಂಗಿಯಲ್ಲಿ ಸುತ್ತಿಕೊಂಡು ನಿಂತಿದ್ದ. "ಕೀ ಆಫ್ ಮಾಡು" ಎಂದ ಅಷ್ಟೇ.

ಅದೇ ಜೀಪಿನಲ್ಲಿ ಹಾಲಿನವನೇ ನಮ್ಮನ್ನು ಬಂಗಾರಪೇಟೆಯ ಆಸ್ಪತ್ರೆಗೆ ಕರೆದೊಯ್ದ. ದಾರಿಯಲ್ಲಿ ದೀಪ ಉರಿಯುತ್ತಲೇ ಇತ್ತು, ಗಾಡಿ ತೆವಳುತ್ತಲೇ ಹೋಯಿತು. ಅಲ್ಲಿಂದ ಕೋಲಾರಕ್ಕೆ ಕಳಿಸಿದರು. ತೋರುಬೆರಳೂ ನಡುಬೆರಳೂ ಬುಡದವರೆಗೆ ಹೋದವು. ಉಂಗುರದ ಬೆರಳು ಉಳಿಯಿತು, ಆದರೆ ಮಡಚಲು ಬಾರದು. ಅತ್ತೆ ಬಸ್ಸಿನಲ್ಲಿ ಬಂದಳು. ನನ್ನನ್ನು ಬೈಯುತ್ತಾಳೆ ಎಂದು ಗೋಡೆಗೆ ಒರಗಿ ಕಾಯುತ್ತಿದ್ದೆ. ಅವಳು ನನ್ನ ಮುಖ ನೋಡಿ, "ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯಾ?" ಎಂದು ಕೇಳಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮನೆಗೆ ಬಂದು ರೀಡರಿನ ಆ ಪುಸ್ತಕವನ್ನು ಮತ್ತೆ ತೆಗೆದೆ. ಮೊದಲ ಎರಡು ಪುಟ ಬರೀ ಎಚ್ಚರಿಕೆಗಳು. ಕೀಲಿ ಆನ್‌ನಲ್ಲಿದ್ದಾಗ ಫ್ಯಾನು ಯಾವ ಗಳಿಗೆಯಲ್ಲಾದರೂ ತಿರುಗಬಹುದು, ಕೈ ದೂರವಿಡಿ ಎಂದು ಮೂರನೇ ಸಾಲಿನಲ್ಲೇ ಇತ್ತು, ಪಕ್ಕದಲ್ಲಿ ಚಿತ್ರವೂ ಇತ್ತು. ನಾನು ಆ ಎರಡು ಪುಟಗಳನ್ನು ಓದದೆ ಮಗುಚಿದ್ದೆ. ಕೋಡು ಓದುವ ತನಕ ತಂತಿ ಇರಲಿ, ಓದಿದ ಮೇಲೆ ಎಂದಿನಂತೆ ಬಿಚ್ಚಿಯೇ ಕೈ ಹಾಕು ಎಂದು ಹೇಳಬೇಕಾಗಿದ್ದವಳು ನಾನು. ಮೊದಲ ಅರ್ಧವನ್ನು ಹೇಳಿದೆ. ಗಣಿಯಲ್ಲಿ ಒಬ್ಬನ ಜೀವ ಹೋಗಿ ಕಲಿತ ಪಾಠವನ್ನು, ಎರಡು ಪುಟ ಓದದವಳ ಮಾತಿಗೆ ಮಾವ ಬದಿಗಿಟ್ಟ.

ಹಾಲಿನವನು ಆ ಮುರಿದ ತಂತಿಯನ್ನು ತಾನೇ ಹೊಸೆದು ಟೇಪು ಸುತ್ತಿಕೊಂಡ. ದೀಪ ಮತ್ತೆ ಹತ್ತಲಿಲ್ಲ. ತಿಂಗಳಾದ ಮೇಲೆ ಒಂದು ಲೀಟರ್ ಹಾಲು ಹಿಡಿದುಕೊಂಡು ಬಂದು ಮಾವನ ಪಕ್ಕ ಕೂತ.

"ಕರೆಕ್ಟಾಗಿ ಏಳಿದ್ದೆ ಕಣಣ್ಣ. ಒಳಗೇ ಮುರ್ದಿತ್ತು."

"ಗೇಟ್ ದಾಟ್ತಾ?" ಎಂದು ಮಾವ ಕೇಳಿದ.

"ದಾಟ್ತು. ಮೇಲಿನ ಹಳ್ಳೀಗೂ ಓಗ್ತೈತೆ ಈಗ."

"ಓಗ್ಲಿ ಬಿಡು" ಎಂದ ಮಾವ.

ಶೆಡ್ಡು ಆಮೇಲೆ ಆರು ತಿಂಗಳು ಇತ್ತು. ಮಾವ ಎಡಗೈಯಲ್ಲಿ ಸ್ಪ್ಯಾನರು ಹಿಡಿಯಲು ಕಲಿತ. ಆದರೆ ಬಿಗಿಯಾದ ಬೋಲ್ಟು ಬಂದರೆ ಎರಡು ಕೈ ಬೇಕು. ಮುಟ್ಟಿ ನೋಡಿ ಬಿಸಿ ಎಷ್ಟು, ಸಡಿಲ ಎಷ್ಟು ಎಂದು ತಿಳಿಯುತ್ತಿದ್ದ ಬೆರಳುಗಳೇ ಹೋಗಿದ್ದವು. ಬಂದ ಗಿರಾಕಿಗಳು ಅವನ ಕೈಯ ಕಡೆ ನೋಡಿ, ಸುಮ್ಮನೆ ಗಾಳಿ ಚೆಕ್ ಮಾಡಿಸಿಕೊಂಡು ಹೋಗುತ್ತಿದ್ದರು. ಕಡೆಗೆ ಟೈರಿನ ಪಂಕ್ಚರು ಹಾಕುವವನೊಬ್ಬನಿಗೆ ಶೆಡ್ಡು ಬಿಟ್ಟುಕೊಟ್ಟ. ಸಾಮಾನು ತೆಗೆಯುವ ದಿನ ನಾನು ಹೋಗಿದ್ದೆ. ನಾನು ಬರೆದ ರಟ್ಟನ್ನು ಅತ್ತೆ ಬಿಚ್ಚಲು ಹೋದಾಗ, "ಅದು ಇರ್ಲಿ, ಬರೋರ್‌ಗೆ ಆಗ್ತೈತೆ" ಎಂದ. ಪಂಕ್ಚರಿನವನಿಗೆ ಅದರಿಂದ ಏನಾಗಬೇಕು ಎಂದು ನಾನು ಕೇಳಲಿಲ್ಲ.

ಈ ವಿಷಯ ಗೊತ್ತಿಲ್ಲದ ನಮ್ಮ ಶಾಲೆಯ ಒಬ್ಬ ಮೇಷ್ಟ್ರು ಮೊನ್ನೆ, ಹಳೆಯ ಫೋರ್‌ವೀಲ್ ಜೀಪು ತಗೊಂಡಿದ್ದೀನಿ, ಕಡಿಮೆ ಬೆಲೆಯ ರೀಡರು ಯಾವುದು ಒಳ್ಳೆಯದು ಎಂದು ನನ್ನನ್ನೇ ಕೇಳಿದರು. ನನಗೆ ಗೊತ್ತಿದ್ದನ್ನೆಲ್ಲ ಹೇಳಿದೆ. ನಿಮ್ಮ ಗಾಡಿಯ ಯಾವ ಯಾವ ಅಕ್ಷರ ಓದುತ್ತದೆ ಎಂದು ಅಂಗಡಿಯವರನ್ನು ಕೇಳಿ, ಓಡುವ ಅಂಕಿ ತೋರಿಸುತ್ತದೆಯೇ ನೋಡಿ, ಎಲ್ಲಕ್ಕಿಂತ ಅಗ್ಗದ್ದೂ ಬಹಳ ಸಲ ಸಾಕಾಗುತ್ತದೆ. ಪುಸ್ತಕದ ಮೊದಲ ಎರಡು ಪುಟ ಓದಿ ಎಂದೂ ಹೇಳಿದೆ. ಅವರು ಜೋಕು ಎಂದುಕೊಂಡು ನಕ್ಕರು.

ಅಂಗವಿಕಲರ ಸರ್ಟಿಫಿಕೇಟು ಮಾಡಿಸಿದರೆ ಪಿಂಚಣಿ ಸಿಗುತ್ತದೆ, ಬಸ್ಸಿನ ಪಾಸೂ ಸಿಗುತ್ತದೆ ಎಂದು ಅತ್ತೆಗೆ ಯಾರೋ ಹೇಳಿದರು. ಮಾವ ಬೇಡವೆಂದ. ಎರಡು ತಿಂಗಳು ಬೇಡವೆಂದ. ಆಮೇಲೆ ಒಂದು ದಿನ ತಾನೇ ನನ್ನ ಹತ್ತಿರ ಬಂದು, "ಫಾರಂ ತುಂಬ್ಕೊಡ್ತೀಯಾ" ಎಂದು ಕೇಳಿದ.

ಅಡುಗೆಮನೆಯ ಬಾಗಿಲಲ್ಲಿ ಕೂತು ತುಂಬಿದೆವು. ಕೆಲಸ ಎಂಬ ಕಡೆ ಮೆಕ್ಯಾನಿಕ್ ಎಂದು ಬರೆದೆ. ಅವನು ಬೇಡ ಎನ್ನಲಿಲ್ಲ. ಊನವಾಗಲು ಕಾರಣ ಎಂಬಲ್ಲಿ ಪೆನ್ನು ನಿಂತಿತು. ನಾನು ತಲೆ ಎತ್ತದೆ, "ನಾನು ಏಳಿದ್ದಕ್ಕೆ ಮಾವ" ಎಂದೆ. ಅಷ್ಟು ತಿಂಗಳಲ್ಲಿ ಅದನ್ನು ಬಾಯಿಬಿಟ್ಟು ಅಂದದ್ದು ಅದೇ ಮೊದಲು.

"ಅಂಗೆಲ್ಲಾ ಬರುದ್ರೆ ತಗೋತಾರೇನಮ್ಮ" ಎಂದ. "ಕೈ ಇಟ್ಟಿದ್ದು ನಾನು. ನಾನೇ ನೋಡ್ದೆ ಕೈ ಇಟ್ಟೆ ಅಂತ ಬರಿ."

ಹಾಗೆ ಬರೆಯಲಿಲ್ಲ. ಕೆಲಸದ ವೇಳೆ ಯಂತ್ರದಿಂದಾದ ಗಾಯ ಎಂದು ಬರೆದೆ. ಅದು ಸುಳ್ಳಲ್ಲ. ಆದರೆ ನಿಜವೂ ಪೂರ್ತಿ ಅಲ್ಲ. ಸಹಿ ಮಾಡುವ ಜಾಗದಲ್ಲಿ ಎಡಗೈಯ ಹೆಬ್ಬೆಟ್ಟು ಒತ್ತಿದ. ಮೊದಲು ಬಲಗೈಯಲ್ಲಿ ನಿಧಾನವಾಗಿ, ಮುದ್ದಾಗಿ ಕನ್ನಡದಲ್ಲಿ ಸಹಿ ಹಾಕುತ್ತಿದ್ದವನು.

ಕೋಲಾರದ ಆಸ್ಪತ್ರೆಯಲ್ಲಿ ಡಾಕ್ಟರು ಅವನ ಕೈಯನ್ನು ಮೇಜಿನ ಮೇಲೆ ಇಡಿಸಿ, ಒಂದೊಂದೇ ಬೆರಳು ಮಡಚಿಸಿ ನೋಡಿದರು. ಒಂದು ಪೆನ್ನು ಎತ್ತಲು ಹೇಳಿದರು. ಎತ್ತಿದ, ಜಾರಿತು. ಇನ್ನೊಮ್ಮೆ ಎಂದರು. ಮಾವ ಮೂರು ಸಲ ಎತ್ತಿದ. ಮೂರನೇ ಸಲ ಹೆಬ್ಬೆರಳೂ ಕಿರುಬೆರಳೂ ಸೇರಿಸಿ ಗಟ್ಟಿಯಾಗಿ ಹಿಡಿದ. ಹಿಡಿದದ್ದಕ್ಕೆ ಊನದ ಅಂಕ ಕಡಿಮೆಯಾಗುತ್ತದೆ, ಪಿಂಚಣಿಗೆ ಅದೇ ಲೆಕ್ಕ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅತ್ತೆ ನನ್ನ ಮೊಣಕೈಯನ್ನು ಒತ್ತಿ ಹಿಡಿದುಕೊಂಡಿದ್ದಳು.

ಕೆಲವು ವಾರಗಳಾದ ಮೇಲೆ ಬರಹೇಳಿದರು. ಹೋದೆವು. ಕಿಟಕಿಯ ಒಳಗಿದ್ದ ಗುಮಾಸ್ತರು ಕಡತದಿಂದ ಒಂದು ಹಾಳೆ ತೆಗೆದು, ಫೋಟೋ ನೋಡಿ, ಮಾವನ ಮುಖ ನೋಡಿ, ಹೊರಗೆ ಚಾಚಿದರು. ಮಾವ ಅಭ್ಯಾಸಬಲದಿಂದ ಬಲಗೈ ಮುಂದೆ ಮಾಡಿದ. ಹಾಳೆ ಅವನ ಕೈಯಲ್ಲಿ ನಿಲ್ಲದೆ ಜಾರಿತು, ನಾನು ಹಿಡಿದುಕೊಂಡೆ. ಮೊಹರು, ಮೂವರು ಡಾಕ್ಟರುಗಳ ಸಹಿ, ಮಾವನ ಹೆಸರು, ಹೆಸರಿನ ಕೆಳಗೆ ಎಷ್ಟು ಭಾಗ ಊನ ಎಂಬ ಅಂಕಿ. ಎಲ್ಲ ಇಂಗ್ಲಿಷಿನಲ್ಲೇ ಇತ್ತು.

ಮಾವ ಇನ್ನೂ ಅಷ್ಟಿಷ್ಟು ಕೇಳುವ ಬಲಗಿವಿಯನ್ನು ನನ್ನ ಕಡೆ ತಿರುಗಿಸಿ ನಿಂತ.

"ಓದು ಮಗ" ಎಂದ. "ಇನ್ನೂ ಎಷ್ಟು ಕೈ ಉಳಿದೈತೆ ಅಂತ ಬರ್ದವ್ರೆ, ಅದನ್ನ ಏಳು."